ಊರಿನ ಒಮ್ಮತ, ಮೈಕಣ್ಣನ ಮೈಕು

ಊರಿಗೆಲ್ಲ ಮೈಕು ಬಾಡಿಗೆಗೆ ಕೊಡುವವನಾದ್ದರಿಂದ ಅವನಿಗೆ ಮೈಕಣ್ಣ ಎಂದೇ ಹೆಸರು ಬಿದ್ದಿತ್ತು. ಮದುವೆಯಿರಲಿ, ಯಾವ ಪಕ್ಷದ ಭಾಷಣವೇ ಇರಲಿ, ಕಂಬ ಹತ್ತಿ ಹಾರ್ನು ಕಟ್ಟಿ, "ಹಲೋ, ಹಲೋ" ಎಂದು ಊದಿ ನೋಡಿ ಪಕ್ಕಕ್ಕೆ ಸರಿಯುತ್ತಿದ್ದ. ವೇದಿಕೆಯ ಮೇಲೆ ಯಾರು ಏನೇ ಒದರಲಿ, ಅವನ ಕಿವಿ ಸ್ಪೀಕರಿನ ಗೊರಗೊರದ ಮೇಲಷ್ಟೇ.

ಆ ಸಲ ಪುರಸಭೆ ಚುನಾವಣೆಗೆ ಎರಡೂ ಪಕ್ಷದವರು ಒಂದೇ ಮೇಜಿನ ಸುತ್ತ ಕೂತು ವಾರ್ಡುಗಳನ್ನು ಹಂಚಿಕೊಂಡರು. ಜಗಳ ಬೇಡ, ಖರ್ಚು ಬೇಡ, ಎಲ್ಲ ಕಡೆ ಅವಿರೋಧ ಆಯ್ಕೆ. ಊರು ತಲೆದೂಗಿತು. ಬಾಡಿಗೆ ಕೈತಪ್ಪಿತಲ್ಲ ಎಂದು ಗೊಣಗಿ ಮೈಕಣ್ಣನೂ ತೆಪ್ಪಗಾದ.

ತೆಪ್ಪಗಾಗದವಳು ನಿವೃತ್ತ ನರ್ಸಮ್ಮ ಒಬ್ಬಳೇ. ಬಸ್ ನಿಲ್ದಾಣದ ವಾರ್ಡಿಗೆ ನಾಮಪತ್ರ ಹಾಕಿಯೇಬಿಟ್ಟಳು. ತಕ್ಷಣ ಸಭಾಂಗಣದವನ ಬೀಗದಕೈ ಕಳೆದುಹೋಯಿತು, ಪ್ರೆಸ್ಸಿನವನ ಯಂತ್ರ ಕೆಟ್ಟಿತು. ಕೊನೆಗೆ ಅವಳು ಮೈಕಣ್ಣನ ಅಂಗಡಿಗೆ ಬಂದಳು.

"ನಿಮ್ಮ ಮೈಕೂ ಕೆಟ್ಟಿದೆಯಾ?"

ಅವಳನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ಆಸ್ಪತ್ರೆಯ ಸುತ್ತ ಮೈಕು ಕೂಡದೆಂದು ಅರ್ಜಿ ಹಾಕಿಸಿ ಅವನ ಹೊಟ್ಟೆಯ ಮೇಲೆ ಹೊಡೆದವಳೇ ಅವಳು.

"ಗೆದ್ರೆ ಏನ್ ಮಾಡ್ತೀರಿ?"

"ಊರಲ್ಲೆಲ್ಲ ಮೈಕಿನ ಗಲಾಟೆ ನಿಲ್ಲಿಸ್ತೀನಿ," ಎಂದಳು, ಮುಖಕ್ಕೆ ಮುಖ ಕೊಟ್ಟು.

ಅವನು ಬಾಗಿಲು ತೋರಿಸುವುದರಲ್ಲಿದ್ದ. ಅಷ್ಟರಲ್ಲಿ ಆ ವಾರ್ಡು ಪಾಲಿಗೆ ಬಂದಿದ್ದ ಪಕ್ಷದ ಮುಖಂಡ ಒಳಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ಇಲ್ಲ ಅಂತ ಹೇಳಿ ಕಳ್ಸಪ್ಪ. ಊರೇ ಒಮ್ಮತಕ್ಕೆ ಬಂದಿದೆ."

"ನನ್ನನ್ನ ಯಾರೂ ಕೇಳ್ಲಿಲ್ವಲ್ಲ?"

"ಕೇಳೋದೇನು? ನೀನೂ ಊರಿನವನೇ ತಾನೆ? ನಿನ್ನ ಪರವಾನಗಿ ಪುರಸಭೆಯಿಂದಲೇ ಆಗ್ಬೇಕು, ನೆನಪಿರಲಿ."

ಮಾತಿಗಿಂತ ಹೆಚ್ಚಾಗಿ, ಹೆಗಲ ಮೇಲೇ ಕೂತಿದ್ದ ಆ ಕೈಯಿಂದ ಮೈಕಣ್ಣನ ಮೈಯೆಲ್ಲ ಉರಿದುಹೋಯಿತು. ಅದನ್ನು ಕಿತ್ತೆಸೆದ. "ವಾರ್ಡು ಹಂಚ್ಕೊಂಡ್ರಿ, ಸರಿ. ನನ್ನ ಅಂಗಡೀನೂ ಹಂಚ್ಕೊಂಡ್ರಾ? ಯಾರು ಕೇಳಿದ್ರೂ ಬಾಡಿಗೆಗೆ ಕೊಡೋನು ನಾನು. ನಿಮಗೂ ಹಾಗೇ ಕೊಟ್ಟಿದ್ದು. ಅಕ್ಕಾ, ಎಲ್ಲಿ ಕಟ್ಲಿ ಹೇಳಿ."

ಆ ಸಂಜೆ ಬಸ್ ನಿಲ್ದಾಣದಲ್ಲಿ ನರ್ಸಮ್ಮ ಮೊದಲು ಬೈದದ್ದೇ ಮೈಕಿನವರನ್ನು. ಜನ ಗೊಳ್ಳೆಂದು ನಕ್ಕರು. ಮೈಕಣ್ಣ ಹಲ್ಲು ಕಚ್ಚಿಕೊಂಡು ಅವಳ ದನಿಯನ್ನು ಇನ್ನಷ್ಟು ಏರಿಸಿದ. ಸಭೆ ಮುಗಿಯುವ ಮೊದಲೇ ನಾಲ್ಕಾರು ಪುಂಡರು ನುಗ್ಗಿ ತಂತಿ ಕಿತ್ತರು, ಹಾರ್ನುಗಳನ್ನು ನೆಲಕ್ಕೆ ಕೆಡವಿ ತುಳಿದರು. ಪೊಲೀಸಿನವ ದೂರು ಬರೆದುಕೊಳ್ಳದೆ, "ಊರಿನ ಶಾಂತಿ ಯಾಕೆ ಕೆಡಿಸ್ತೀಯ?" ಎಂದು ಇವನನ್ನೇ ಗದರಿದ.

"ನಿಮ್ಮನ್ನ ಬೈಯೋಳಿಗೆ ಮೈಕು ಕೊಟ್ಟು ಮನೆ ಮುಳುಗಿಸಿದ್ರಿ. ತಲೆ ನೆಟ್ಟಗಿದೆಯಾ?" ಎಂದು ಹೆಂಡತಿ ಹಾರಾಡಿದಳು.

"ಬೈದ್ರೆ ಬೈಲಿ ಕಣೇ. ಬಾಯಿ ಮುಚ್ಚು ಅನ್ನೋಕೆ ಇವರ್ಯಾರು?"

ಊರಿನಲ್ಲಿ ಆ ಒಂದೇ ವಾರ್ಡಿನಲ್ಲಿ ಮತದಾನ ನಡೆಯಿತು. ನರ್ಸಮ್ಮ ಸೋತಳು. ಅದೇ ವಾರ್ಡಿನವನಾದ ಮೈಕಣ್ಣನೂ ಅವಳಿಗೆ ಮತ ಹಾಕಿರಲಿಲ್ಲ. ಹಾಗೆಂದು ಅವಳೆದುರೇ ಹೇಳಿದ. ಅವಳು, "ಗೊತ್ತಿತ್ತು ಬಿಡಿ," ಎಂದು ಬಾಡಿಗೆ ಕೊಟ್ಟು ಹೋದಳು.

ಪರವಾನಗಿ ನವೀಕರಣವಾಗಲಿಲ್ಲ. ಅಂಗಡಿ ಮುಚ್ಚಿ, ಮನೆಯ ಜಗುಲಿಯಲ್ಲಿ ಕೂತು ಫ್ಯಾನು, ಮಿಕ್ಸಿ ರಿಪೇರಿಗಿಳಿದ. ಒಂದು ದಿನ ಮುಖಂಡನ ಕಡೆಯವನೊಬ್ಬ ಬಂದು, ತಪ್ಪಾಯ್ತು ಅಂದುಬಿಟ್ಟರೆ ಪರವಾನಗಿ ಸಿಗುತ್ತದೆಂದ. ಮೈಕಣ್ಣ ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕಿ ಎದ್ದು ನಿಂತ. ಅಷ್ಟು ದಿನ ಗಂಡನನ್ನು ಶಪಿಸುತ್ತಿದ್ದ ಹೆಂಡತಿ ಒಳಗಿನಿಂದ ಬಂದಳು.

"ಹಾರ್ನು ತುಳಿದವರು ಮೊದ್ಲು ಬಂದು ತಪ್ಪಾಯ್ತು ಅನ್ಲಿ. ಆಮೇಲೆ ಇವರನ್ನ ಕೇಳು. ನಡಿ ಆಚೆ," ಎಂದು ಅವನು ಮೆಟ್ಟಿಲಿಳಿಯುವ ತನಕ ನಿಂತು ನೋಡಿದಳು.