ಮೇಲಿನಿಂದ ಬಿದ್ದ ಧೂಳು

ಟೈರಣ್ಣ ಮನುಷ್ಯರ ಮುಖ ನೋಡಿ ಮಾತಾಡುವುದು ಕಡಿಮೆ. ಗಾಡಿ ಬಂದು ಅವನ ಟೈರಿನ ಅಂಗಡಿಯ ಮುಂದೆ ನಿಂತರೆ ಸಾಕು, ಇಳಿಯುವವರನ್ನು ಅವರ ಪಾಡಿಗೆ ಬಿಟ್ಟು, ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತುಬಿಡುತ್ತಾನೆ. ಬಂದವರು ನಮಸ್ಕಾರ ಹೇಳಿದರೆ, ಹೇಳಿದ್ದು ತನಗೋ ಟೈರಿಗೋ ಎಂದು ಅನುಮಾನ ಬಂದವನ ಹಾಗೆ ತಲೆಯಾಡಿಸುತ್ತಾನೆ. ಇಪ್ಪತ್ತೇಳು ವರ್ಷದಿಂದ ಇದೇ ನಡೆದುಕೊಂಡು ಬಂದಿದೆ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಉಂಟು. ಅದು ಬ್ಯಾಂಕಿನವರಿಗೂ, ಸಿಟ್ಟು ಬಂದಾಗ ಹೆಂಡತಿಗೂ ಮಾತ್ರ ನೆನಪಾಗುತ್ತದೆ.

ಅವನ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂ ಡ್ರೈವರ್ ಇರುತ್ತದೆ. ಅದರಿಂದ ಟೈರಿನ ಗೆರೆಗಳಲ್ಲಿ ಸಿಕ್ಕಿಕೊಂಡ ಕಲ್ಲನ್ನು ಮೀಟಿ ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡುತ್ತಾನೆ. ಬಿಳಿ ಚೂರು ಬಂದರೆ ಗಾಡಿ ಕ್ವಾರಿಗೆ ಹೋಗುತ್ತದೆ, ಕರಿ ಜಲ್ಲಿ ಬಂದರೆ ಎಲ್ಲೋ ಹೊಸ ಡಾಂಬರು ಬಿದ್ದಿದೆ, ಏನೂ ಬರದಿದ್ದರೆ ಅದು ಬೀದಿ ಕೊನೆಯ ಅಂಗಡಿಗೆ ಹೋಗಿ ಹಾಲು ತರುವ ಗಾಡಿ. ಟೈರಿನ ಅಂಚು ಹೆಚ್ಚು ಸವೆದಿದ್ದರೆ ಓಡಿಸುವವನಿಗೆ ತಿರುವಿನಲ್ಲಿ ಅವಸರ. ಒಂದೊಂದು ಕಡೆ ಮಾತ್ರ ಬೋಳಾಗಿದ್ದರೆ ಬ್ರೇಕಿನ ಮೇಲೆ ಅವನು ಮನೆಯ ಸಿಟ್ಟು ತೀರಿಸಿಕೊಳ್ಳುತ್ತಾನೆ. ಇಷ್ಟೆಲ್ಲ ಓದಿದ ಮೇಲೆಯೇ ಯಾವ ಟೈರು ಹಾಕಬೇಕೆಂಬ ಮಾತು.

ಈಚೆಗೆ ಎಲ್ಲರಿಗೂ ಆಲ್-ಟೆರೇನ್ ಟೈರೇ ಬೇಕು. ಅರ್ಧ ರಸ್ತೆಗೆ, ಅರ್ಧ ಕಲ್ಲು ಮಣ್ಣಿಗೆ ಅಂತ ಮಾಡಿದ ಟೈರು ಅದು. ಮೈಮೇಲೆ ದಪ್ಪ ದಪ್ಪ ರಬ್ಬರ್ ಬಟನ್, ಅಗಲ ಗೆರೆ, ಗಟ್ಟಿ ಪಕ್ಕೆ. ನೋಡಲು ಗಂಭೀರವಾಗಿರುತ್ತದೆ. ಹಲ್ಲಿನ ಡಾಕ್ಟರೊಬ್ಬರು ಹೊಸ ಪಿಕಪ್ ತಂದು ಅದನ್ನೇ ಹಾಕು ಎಂದರು. ಯಾವ ಗುಡ್ಡ ಹತ್ತುತ್ತೀರಿ ಎಂದು ಟೈರಣ್ಣ ಕೇಳಿದ. ಗುಡ್ಡ ಅಂತೇನಿಲ್ಲ, ಕ್ಲಿನಿಕ್ಕಿನ ಮುಂದಿನ ಹಂಪು ಸ್ವಲ್ಪ ಎತ್ತರ ಎಂದರು ಡಾಕ್ಟರು. ಹಾಗಾದರೆ ನಿಧಾನ ಹೋದರೆ ಸಾಕು, ಟೈರು ಬೇಡ ಎಂದು ಇವನು ಕಳಿಸಿಕೊಟ್ಟ. ಡಾಕ್ಟರು ಎದುರಿನ ಅಂಗಡಿಗೆ ಹೋಗಿ ಹಾಕಿಸಿಕೊಂಡರು. ಈಗ ಅವರ ಟೈರು ಗುಂಯ್‌ಗುಟ್ಟುತ್ತ ಬರುವ ಸದ್ದು ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂತವರಿಗೆ ಎರಡು ಬೀದಿ ಮೊದಲೇ ಕೇಳುತ್ತದೆ. ಎದುರಿನ ಅಂಗಡಿಯವನು ಮೂರು ವರ್ಷದಲ್ಲಿ ಮೇಲೊಂದು ಮಹಡಿ ಕಟ್ಟಿದ. ಅದರಲ್ಲಿ ಅರ್ಧ ನೀವೇ ಕಟ್ಟಿಸಿಕೊಟ್ಟಿದ್ದು ಎಂದು ಟೈರಣ್ಣನ ಹೆಂಡತಿ ಹೇಳುತ್ತಾಳೆ. ಇವನು ಇಲ್ಲ ಎನ್ನುವುದಿಲ್ಲ. ಯಾರಿಗೂ ತಪ್ಪು ಟೈರು ಕೊಟ್ಟಿಲ್ಲ ಎಂಬುದೊಂದೇ ಅವನ ಜಂಬ, ಅದನ್ನು ಬಿಟ್ಟುಕೊಡಲು ಅವನು ತಯಾರಿಲ್ಲ.

ತಂಗಿಗೆ ಗಂಡು ನೋಡಿದ್ದೂ ಹೀಗೆಯೇ. ಮನೆಯವರೆಲ್ಲ ಒಳಗೆ ಕೂತು ಹುಡುಗನ ಮನೆತನ, ಓದು, ಮಾತಿನ ಧಾಟಿ ಎಲ್ಲ ಅಳೆಯುತ್ತಿದ್ದಾಗ ಇವನು ಹೊರಗೆ ಹೋಗಿ ಹುಡುಗನ ಪಿಕಪ್ಪಿನ ಸುತ್ತ ಒಂದು ಸುತ್ತು ಹಾಕಿ ಬಂದ. ನಾಲ್ಕೂ ಟೈರು ಒಂದೇ ಸಮ ಸವೆದಿದ್ದವು. ಒಳಗೆ ಬಂದು, ಕೊಡಬಹುದು ಎಂದು ಅಮ್ಮನ ಕಿವಿಯಲ್ಲಿ ಹೇಳಿದ. ಹದಿನಾರು ವರ್ಷವಾಯಿತು. ಕೊಟ್ಟಿದ್ದಕ್ಕೆ ಇದುವರೆಗೆ ಯಾರೂ ಅವನನ್ನು ದೂರಿಲ್ಲ.

ತಂಗಿಯ ಗಂಡನ ಪಿಕಪ್ಪು ಬೆಟ್ಟದ ಮೇಲಿನ ಕ್ವಾರಿಗೆ ಓಡುತ್ತಿತ್ತು. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ಮನೆ. ಕಳೆದ ವರ್ಷ ಆ ರಸ್ತೆಯ ಮೂರನೇ ತಿರುವಿನಲ್ಲಿ ಒಂದು ಲಾರಿ ಕೆಳಗೆ ಹೋಯಿತು, ಡ್ರೈವರ್ ಉಳಿಯಲಿಲ್ಲ. ಅಂದಿನಿಂದ ತಂಗಿಗೆ ಸಂಜೆಯಾಯಿತೆಂದರೆ ಜೀವ ಬಾಯಿಗೆ ಬರುತ್ತದೆ. ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಅರ್ಧಕ್ಕೆ ಬಿಟ್ಟು ಐದೂವರೆಗೇ ಕಿಟಕಿ ಹಿಡಿದು ನಿಲ್ಲುತ್ತಾಳೆ. ಆರು ಹತ್ತಾದರೆ ಅಣ್ಣನಿಗೆ ಫೋನು. ಅಂಗಡಿಯಲ್ಲಿ ಕೂತ ಅಣ್ಣ ಏನು ತಾನೇ ಮಾಡಿಯಾನು? ಬರ್ತಾರೆ ಬಿಡು ಎನ್ನುತ್ತಾನೆ. ಅವಳಿಗೆ ರಾತ್ರಿ ನಿದ್ದೆ ಇಲ್ಲದಂತಾಗಿ, ನಲವತ್ತಕ್ಕೇ ಬಿ.ಪಿ. ಮಾತ್ರೆ ಶುರುವಾಗಿತ್ತು.

ಒಂದು ಶನಿವಾರ ಬೆಳಿಗ್ಗೆ ಅವಳೇ ಗಂಡನನ್ನು ಗಾಡಿ ಸಮೇತ ಎಳೆದುಕೊಂಡು ಬಂದಳು. ಒಂದು ಇಡೀ ಶಾಲೆಯ ಸಮವಸ್ತ್ರ ಹೊಲಿದು ಮುಗಿಸಿದ್ದಳು, ಆ ದುಡ್ಡು ಬೇರೆ ಯಾವುದಕ್ಕೂ ಅಲ್ಲ ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದಳು. ಅಣ್ಣನನ್ನು ಕುಕ್ಕರಗಾಲಲ್ಲಿ ಕೂರಲೂ ಬಿಡದೆ ಸೀದಾ ಟೈರುಗಳ ಸಾಲಿನ ಮುಂದೆ ನಿಲ್ಲಿಸಿದಳು.

"ಬೆಟ್ಟಕ್ಕೆ ಅಂತಾನೇ ಇರೋದು ಹಾಕಣ್ಣ. ಇರೋದ್ರಲ್ಲೇ ಗಟ್ಟಿದು. ನನಗೆ ರಾತ್ರಿ ನಿದ್ದೆ ಬರಬೇಕು, ಅಷ್ಟೇ."

ಹಿಂದೆ ನಿಂತಿದ್ದ ಅವಳ ಗಂಡ, ಇರುವುದೇ ಇನ್ನೂ ಓಡುತ್ತದೆ ಎಂದ. ಸ್ವಲ್ಪ ಹೊತ್ತಿಗೆ ಅದನ್ನೇ ಇನ್ನೊಂದು ಸಲ ಹೇಳಿದ. ಹೆಂಡತಿಯ ದುಡ್ಡು ಖರ್ಚಾಗುತ್ತದಲ್ಲ ಎಂದು ಸಂಕೋಚ ಇರಬೇಕೆಂದುಕೊಂಡ ಟೈರಣ್ಣ, ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನೇ ಅವನಿಗೂ ಕೇಳಿದ. ಡಾಂಬರು ಎಷ್ಟು ದೂರ, ಕಲ್ಲು ಎಷ್ಟು ದೂರ, ಮಳೆ ಬಂದರೆ ಜಾರುತ್ತದೆಯೇ, ಕಲ್ಲು ಸಡಿಲವೋ ನೆಲಕ್ಕೆ ಕಚ್ಚಿಕೊಂಡಿದೆಯೋ. ಅವನು ಉತ್ತರ ಕೊಟ್ಟ. ಹದಿನಾರು ವರ್ಷ ಓಡಿಸಿದ ರಸ್ತೆ, ಬಾಯಿಪಾಠ ಇತ್ತು. ಮೊದಲನೇ ತಿರುವಿನಲ್ಲಿ ಜಲ್ಲಿ ಉರುಳುತ್ತದೆ ಎಂದಾಗ ತಂಗಿ, ಅಣ್ಣ ಹೊರಗೆ ತಂದಿದ್ದ ಸಾಧಾರಣ ಟೈರನ್ನು ಒಳಗಿಡಿಸಿದಳು. ಎರಡನೇ ತಿರುವಿಗೆ ಇನ್ನೊಂದು ದಪ್ಪನೆಯದು ಬಂತು. ಮೂರನೇ ತಿರುವಿಗೆ ಬರುವಷ್ಟರಲ್ಲಿ ಅಂಗಡಿಯಲ್ಲೇ ಅತಿ ದಪ್ಪ ಬಟನ್ನಿನ ಟೈರುಗಳು ನಾಲ್ಕೂ ಹೊರಗೆ ಬಂದು ಒಂದರ ಮೇಲೊಂದು ಕೂತಿದ್ದವು. ಗಂಡ ಅಷ್ಟಕ್ಕೇ ನಿಲ್ಲಿಸಿದ. ಇನ್ನೂ ನಾಲ್ಕು ತಿರುವು ಬಾಕಿ ಇತ್ತು, ಟೈರು ಬಾಕಿ ಇರಲಿಲ್ಲ.

ಟೈರಣ್ಣ ಜಾಕ್ ತಂದು, ಅಭ್ಯಾಸಬಲದಿಂದ ಹಳೆಯ ಟೈರಿನ ಮುಂದೆ ಕೂತ. ಸ್ಕ್ರೂ ಡ್ರೈವರಿನಿಂದ ಗೆರೆ ಕೆದಕಿದ. ಒಂದು ಸ್ಟೇಪಲ್ ಪಿನ್ನು ಬಂತು. ಮುಂದಿನದರಲ್ಲಿ ಐಸ್‌ಕ್ರೀಮ್ ಕಡ್ಡಿಯ ಚೂರು. ಬಿಳಿ ಕಲ್ಲು ಒಂದೂ ಇಲ್ಲ. ಕಲ್ಲು ಕಚ್ಚಿದ ಹಳೆಯ ಗಾಯಗಳೇನೋ ಇದ್ದವು, ಆದರೆ ಅವುಗಳ ಅಂಚು ಡಾಂಬರಿಗೆ ಉಜ್ಜಿ ನುಣ್ಣಗಾಗಿತ್ತು. ಎಡಗಡೆಯ ಎರಡೂ ಟೈರುಗಳ ಪಕ್ಕೆ ಬಿಸಿಲಿಗೆ ಬಿರುಕು ಬಿಟ್ಟಿತ್ತು, ಬಲಗಡೆಯವು ಹೊಚ್ಚ ಹೊಸದರ ಹಾಗೆ ಕಪ್ಪಗಿದ್ದವು. ಗಾಡಿ ದಿನಾ ಒಂದೇ ಕಡೆ ಮುಖ ಮಾಡಿ, ಒಂದೇ ಮರದ ಪಕ್ಕ ನಿಂತಿತ್ತು.

ಅವನು ಎದ್ದು ಬಾನೆಟ್ಟು ನೋಡಿದ. ಮೇಲೆಲ್ಲ ದಪ್ಪ ಧೂಳು, ಕ್ವಾರಿಯಿಂದ ಈಗ ತಾನೇ ಇಳಿದು ಬಂದ ಹಾಗೆ. ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಸವರಿದ. ಕೈಗೆ ಏನೂ ಅಂಟಲಿಲ್ಲ. ರಸ್ತೆಯ ಧೂಳು ಕೆಳಗಿನಿಂದ ಮೇಲೆ ಹತ್ತುತ್ತದೆ. ಈ ಧೂಳು ಮೇಲಿನಿಂದ ಬಿದ್ದಿತ್ತು. ಯಾರೋ ಬೊಗಸೆಯಲ್ಲಿ ತುಂಬಿಕೊಂಡು ಎರಚಿದ್ದರು.

ಟೈರಣ್ಣನಿಗೆ ಮೊದಲು ಬಂದದ್ದು ಕೆಟ್ಟ ಯೋಚನೆಯೇ, ಎಲ್ಲರಿಗೂ ಬರುವಂಥದ್ದು. ಆದರೆ ಗಾಡಿಯೊಳಗೆ ಇಣುಕಿದಾಗ ಡ್ರೈವರ್ ಸೀಟಿನ ಒರಗು ಹಿಂದಕ್ಕೆ ಬಾಗಿತ್ತು, ಪಕ್ಕದ ಸೀಟಿನಲ್ಲಿ ಹಳೆಯ ಪೇಪರುಗಳ ಕಟ್ಟು, ಪ್ರತಿಯೊಂದರಲ್ಲೂ ಪದಬಂಧ ಪೂರ್ತಿ ತುಂಬಿತ್ತು. ಎರಡನೇ ಸಂಸಾರ ಇಟ್ಟವನಿಗೆ ಇಷ್ಟೊಂದು ಪದಬಂಧ ಬಿಡಿಸಲು ಪುರುಸೊತ್ತೆಲ್ಲಿ? ಇದು ಕೆಲಸ ಇಲ್ಲದವನ ಗಾಡಿ.

"ಏನಣ್ಣ, ಇದೇ ಹಾಕ್ತೀಯ ತಾನೆ?" ಎಂದಳು ತಂಗಿ.

ಹಾಕುತ್ತೇನೆ ಎಂದರೆ ಭಾವನ ಮಾನ ಉಳಿಯುತ್ತದೆ, ತಂಗಿ ಇವತ್ತು ಸಂಜೆಯೂ, ನಾಳೆ ಸಂಜೆಯೂ ಕಿಟಕಿ ಹಿಡಿದು ನಿಲ್ಲುತ್ತಾಳೆ. ಹೊಸ ಟೈರು ಬಂತೆಂದು ಅವಳ ಹೆದರಿಕೆ ಹೋಗುವುದಿಲ್ಲ, ಅದು ಟೈರಣ್ಣನಿಗೆ ಚೆನ್ನಾಗಿ ಗೊತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಅಷ್ಟು ದೊಡ್ಡ ಗಂಡಸಿನ ಮರ್ಯಾದೆಯನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ. ಸ್ಟೆಪ್ನಿ ನೋಡಬೇಕು, ಭಾವ ನೀವೂ ಬನ್ನಿ ಎಂದು ಹೇಳಿ, ಒಂದು ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದ. ತಂಗಿಯ ಗಂಡ ಅಂಗಿಯ ಗುಂಡಿ ಸರಿ ಮಾಡಿಕೊಂಡು, ಬೇರೆ ದಾರಿ ಕಾಣದೆ ಹಿಂದೆಯೇ ಬಂದ. ಇಬ್ಬರೂ ಅಂಗಾತ ಮಲಗಿ ಸ್ಟೆಪ್ನಿ ನೋಡಿದರು.

"ಎಷ್ಟು ದಿನ ಆಯ್ತು ಭಾವ?" ಟೈರಣ್ಣ ಮೆಲ್ಲಗೆ ಕೇಳಿದ.

"ಏನು?"

"ಬೆಟ್ಟ ಹತ್ತಿ."

ಭಾವ ಸ್ಟೆಪ್ನಿಯ ಬೋಲ್ಟು ಸವರುತ್ತ, ನಾಲ್ಕು ತಿಂಗಳು ಎಂದ.

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. ಕ್ವಾರಿಯ ಮಾಲೀಕ ಸ್ವಂತ ಗಾಡಿಗಳನ್ನು ಕೊಂಡು, ಬಾಡಿಗೆಯವರನ್ನೆಲ್ಲ ಒಂದೇ ಬೆಳಿಗ್ಗೆ ಬಿಡಿಸಿದ್ದ. ಅವತ್ತು ಸಂಜೆಯೇ ಹೇಳಬೇಕೆಂದು ಮನೆಗೆ ಹೋದರೆ, ಬಾಗಿಲು ತೆಗೆದ ಹೆಂಡತಿಯ ಮುಖ ನೋಡಿ, ಕಾಫಿ ಕೊಡು ಎಂದಷ್ಟೇ ಹೇಳಿದ. ಮಾರನೇ ದಿನ ಎಂದಿನಂತೆ ಏಳಕ್ಕೆ ಹೊರಟ. ಮಾರ್ಕೆಟ್ ಹಿಂದೆ ಬಾಡಿಗೆ ಗಾಡಿಗಳು ನಿಲ್ಲುವ ಜಾಗವಿದೆ, ಅಲ್ಲೊಂದು ಮರ. ವಾರಕ್ಕೆ ಎರಡು ಸಲ ಯಾರದೋ ಮಂಚ, ಯಾರದೋ ಫ್ರಿಜ್ಜು. ಉಳಿದ ದಿನ ಪೇಪರು. ಮನೆಗೆ ಹೊರಡುವ ಮುಂಚೆ ಪಕ್ಕದ ಕಟ್ಟಡ ಕೆಲಸದ ಹತ್ತಿರ ನಿಲ್ಲಿಸಿ ನಾಲ್ಕು ಬೊಗಸೆ ಧೂಳು. ಅದನ್ನು ಹೇಳುವಾಗ ಅವನ ದನಿ ಇಳಿದುಹೋಯಿತು.

"ಹೇಳ್ಬಿಡಿ ಅವಳಿಗೆ," ಎಂದ ಟೈರಣ್ಣ.

"ಯಾವ ಮುಖ ಇಟ್ಕೊಂಡು ಹೇಳ್ಲಿ ಭಾವ? ಕೈಲಾಗದವನು ಅಂದ್ಕೊಳ್ತಾಳೆ."

"ನಾನು ಹೊರಗೆ ಬಂದ್ರೆ ಯಾವ ಟೈರು ಅಂತ ಕೇಳ್ತಾಳೆ. ಅದ್ರಲ್ಲಿ ಸುಳ್ಳು ಹೇಳೋಕೆ ನನಗೆ ಬರಲ್ಲ. ಅಭ್ಯಾಸ ಇಲ್ಲ."

ಅಷ್ಟರಲ್ಲಿ ತಂಗಿಯ ಎರಡು ಚಪ್ಪಲಿಗಳು ಮುಂದಿನ ಚಕ್ರದಿಂದ ಹಿಂದಿನ ಚಕ್ರದ ಕಡೆಗೆ ನಡೆದು ಬಂದು ನಿಂತವು. ಒಂದು ಸ್ಟೆಪ್ನಿ ನೋಡಲು ಇಷ್ಟು ಹೊತ್ತೇ ಎಂದು ಮೇಲಿನಿಂದ ಪ್ರಶ್ನೆ ಬಂತು. ಗಂಡ ಕಣ್ಣು ಮುಚ್ಚಿಕೊಂಡ. ಮುಖ ಕಾಣದ ಜಾಗ ಇದಕ್ಕಿಂತ ಚೆನ್ನಾಗಿರುವುದು ಮತ್ತೆಲ್ಲೂ ಸಿಗುವುದಿಲ್ಲ ಎಂದು ಅವನಿಗೂ ಅನ್ನಿಸಿರಬೇಕು.

"ಕೆಲಸ ಹೋಗಿದೆ ಕಣೇ," ಎಂದ, ಸ್ಟೆಪ್ನಿಗೆ ಹೇಳುವವನ ಹಾಗೆ. "ನಾಲ್ಕು ತಿಂಗಳಾಯ್ತು. ನಾನು ಬೆಟ್ಟಕ್ಕೆ ಹೋಗ್ತಾ ಇಲ್ಲ. ಮಾರ್ಕೆಟ್ ಹಿಂದೆ, ಮರದ ಕೆಳಗೆ ಗಾಡಿ ಹಾಕ್ಕೊಂಡು ಕೂತಿರ್ತೀನಿ."

ಚಪ್ಪಲಿಗಳು ಅಲುಗಲಿಲ್ಲ. ಬಲಗಾಲಿನ ಹೆಬ್ಬೆರಳೊಂದು ಎದ್ದು ಮತ್ತೆ ಕೂತಿತು. ಟೈರಣ್ಣ ಅದನ್ನೇ ನೋಡುತ್ತ ಮಲಗಿದ್ದ. ಯಾವ ಗಾಡಿ ಎಲ್ಲೆಲ್ಲಿ ಹೋಗಿ ಬಂತೆಂದು ಹೇಳಬಲ್ಲವನಿಗೆ, ಒಡಹುಟ್ಟಿದವಳ ಎರಡು ಕಾಲು ಮುಂದೆ ಏನು ಮಾಡುತ್ತವೆಂದು ತಿಳಿಯಲಿಲ್ಲ. ಅವನಿಗೆ ನಿಜಕ್ಕೂ ಭಯವಾಯಿತು.

ಕಾಲುಗಳು ತಿರುಗಿ ಹೊರಟುಹೋದವು. ಇಬ್ಬರೂ ತೆವಳಿಕೊಂಡು ಹೊರಗೆ ಬಂದಾಗ ಅವಳು ಆ ನಾಲ್ಕು ದಪ್ಪ ಟೈರುಗಳ ಮೇಲೆ ಕೂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಲೆಕ್ಕ ತಪ್ಪಿದವಳ ಹಾಗೆ ಕಾಣುತ್ತಿದ್ದಳು.

"ಬೆಟ್ಟಕ್ಕೆ ಒಂದಿನಾನೂ ಹೋಗಿಲ್ವಾ?"

"ಇಲ್ಲ."

"ಮೊನ್ನೆ ಆ ಜೋರು ಮಳೆ ಬಂತಲ್ಲ, ಆವತ್ತು?"

"ಗಾಡಿಯೊಳಗೇ ಕೂತಿದ್ದೆ. ಕಿಟಕಿ ಏರಿಸ್ಕೊಂಡು."

ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎದುರಿನ ಅಂಗಡಿಯವನು ಮಹಡಿಯಿಂದ ಬಗ್ಗಿ ನೋಡಿದ. ಟೈರಣ್ಣ ಅವನಿಗೆ ಒಳಗೆ ಹೋಗು ಎಂದು ಕೈ ಮಾಡಿದ. ಗಂಡ ಗಡಿಬಿಡಿಯಲ್ಲಿ, ಇನ್ನೊಂದು ತಿಂಗಳಲ್ಲಿ ಎಲ್ಲಾದರೂ ಕೆಲಸ ಹಿಡಿಯುತ್ತೇನೆ, ಗೋದಾಮಿನಲ್ಲಿ ಒಬ್ಬರು ಹೇಳಿದ್ದಾರೆ ಎಂದು ಶುರು ಮಾಡಿದ. ಅವಳು ಮುಖ ಎತ್ತಿದಳು.

"ಕೆಲಸದ ಮಾತು ಇಲ್ಲಿ ಯಾರು ಕೇಳಿದ್ರು ರೀ? ನಾಲ್ಕು ತಿಂಗಳು ನೀವು ಮರದ ಕೆಳಗೆ ಕ್ಷೇಮವಾಗಿ ಕೂತಿದ್ರಿ. ನಾನು ದಿನಾ ಸಂಜೆ ಕಿಟಕಿ ಹತ್ರ ನಿಂತು, ಮನಸ್ಸಲ್ಲೇ ನಿಮ್ಮನ್ನ ಸಾಯಿಸ್ತಾ ಇದ್ದೆ. ದಿನಾ. ಇದೊಂದು ನನಗೆ ಹೇಳ್ಬಾರ್ದಿತ್ತಾ?"

ಟೈರಣ್ಣ ಜಾಕನ್ನು ಎತ್ತಿಕೊಂಡು ಒಳಗೆ ಹೋದ. ತಿರುಗಿ ನೋಡಿದಾಗ ಅವಳು ಸ್ವಲ್ಪ ಸರಿದು ಕೂತಿದ್ದಳು, ಅವಳ ಗಂಡ ಉಳಿದ ಜಾಗದಲ್ಲಿ ಕೂತಿದ್ದ.