ಆಷಾಢಕ್ಕೊಂದು ವಾರ

ನಾನೂ ಅಕ್ಕನೂ ಭೇಟಿಯಾಗುತ್ತಿದ್ದುದು ಛತ್ರಗಳಲ್ಲಿ ಮಾತ್ರ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ಓರಗಿತ್ತಿ, ಭಾವನವರ ಹೆಂಡತಿ. ಜಯನಗರದ ಹಳೆಯ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ, ಒಗ್ಗರಣೆ ಅವರದು ಕಾಯಿತುರಿ ನನ್ನದು ಎಂದು ಅರ್ಧ ಆಯಸ್ಸು ಕಳೆದವರು ನಾವು. ಭಾವನವರೂ ನಮ್ಮವರೂ ಹೋದಮೇಲೆ ಮನೆಯನ್ನು ಬಿಲ್ಡರಿಗೆ ಕೊಟ್ಟೆವು. ಅಲ್ಲೇ ಎದ್ದ ಫ್ಲ್ಯಾಟಿನಲ್ಲಿ ನಾನು ಉಳಿದೆ. ಅಕ್ಕ ಮಗ-ಸೊಸೆಯ ಜೊತೆ ಬನಶಂಕರಿಗೆ ಹೋದರು. ದೂರವೇನಲ್ಲ, ಆಟೋದವನು ಬರಲು ಬೇಸರಪಡುವಷ್ಟು ಹತ್ತಿರ. ಆದರೆ ಸುಮ್ಮನೆ ಹೋಗಿ ಕೂರುವುದು ನಮಗೆ ಬಾರದು. ನಾನು ಹೋದರೆ ಅಕ್ಕ ಎದ್ದು ಕಾಫಿಗೆ ಇಡುತ್ತಾರೆ, ನಾನು ಹಿಂದೆಯೇ ಹೋಗಿ ಲೋಟ ತೊಳೆಯುತ್ತೇನೆ, ಇಬ್ಬರನ್ನೂ ನೋಡಿ ಸೊಸೆಗೆ ಟೆನ್ಷನ್. ಹಾಗಾಗಿ ಮದುವೆ, ಮುಂಜಿ, ಗೃಹಪ್ರವೇಶಗಳೇ ಗತಿ. ವಾಲಗದ ಸದ್ದಿನಲ್ಲಿ ಅಕ್ಕ ಏನೋ ಹೇಳುತ್ತಾರೆ, ನಾನು "ಆಂ?" ಎನ್ನುತ್ತೇನೆ, ಅಷ್ಟರಲ್ಲಿ ಯಾರೋ ಬಂದು ಊಟಕ್ಕೆ ಏಳಿಸುತ್ತಾರೆ.

ಆಷಾಢ ಬಂತೆಂದರೆ ಅದೂ ಇಲ್ಲ. ಯಾರ ಮನೆಯಲ್ಲೂ ಶುಭಕಾರ್ಯವಿಲ್ಲ, ಆದ್ದರಿಂದ ಆ ತಿಂಗಳು ನಾವು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಈ ವರ್ಷ ವೈಶಾಖದ ಒಂದು ಮದುವೆಯಲ್ಲಿ ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ ಏನೋ ಅಂದರು. ಕೇಳಿಸಲಿಲ್ಲ. ಮತ್ತೆ ಅಂದರು, ಕೇಳಿಸಲಿಲ್ಲ. ಕೊನೆಗೆ ನನ್ನ ಕೈ ಹಿಡಿದು ಚಪ್ಪಲಿ ಬಿಡುವ ಜಾಗದವರೆಗೆ ಕರೆದುಕೊಂಡು ಹೋಗಿ ಹೇಳಿದರು: "ಒಂದ್ಸಲ ನಿನ್ ಜೊತೆ ಕೂತು ಮಾತಾಡ್ಬೇಕು ಕಣೇ. ಈ ಮಂಡಿ ಪೂರ್ತಿ ಕೈ ಕೊಡೋಕ್ ಮುಂಚೆ."

ಅಷ್ಟೇ. ಅವರು ತಿರುಗಿ ಒಳಗೆ ಹೋದರು. ನಾನು ಚಪ್ಪಲಿಗಳ ನಡುವೆ ನಿಂತೇ ಡಿಸೈಡ್ ಮಾಡಿದೆ, ವರ್ಷಕ್ಕೊಮ್ಮೆಯಾದರೂ ನಾವಿಬ್ಬರೂ ಎಲ್ಲಿಗಾದರೂ ಹೋಗಬೇಕು.

ಹೋಟೆಲ್ ರೂಮ್ ಬುಕ್ ಮಾಡಬಹುದಿತ್ತಲ್ಲ ಎಂದು ಎಲ್ಲರೂ ಕೇಳಿದರು. ಮಾಡಬಹುದು. ಆದರೆ ನಮ್ಮ ಮನೆಗಳನ್ನು ನಾನು ಬಲ್ಲೆ. ಹೆಂಗಸರ ಆಸೆಗೆ ನಮ್ಮಲ್ಲಿ ಬೆಲೆಯಿಲ್ಲವೆಂದಲ್ಲ, ಅದನ್ನು ಮುಂದಕ್ಕೆ ಹಾಕುವುದು ಬಹಳ ಸುಲಭ. ಯಾರದೋ ಬಾಣಂತನ, ಯಾರದೋ ಪರೀಕ್ಷೆ, "ಮುಂದಿನ ವರ್ಷ ಹೋದ್ರಾಯ್ತು ಬಿಡಿ." ದುಡ್ಡು ಕೊಟ್ಟಾಗಿದೆ ಎನ್ನುವ ಮಾತಿಗೆ ಮಾತ್ರ ನಮ್ಮವರು ಯಾರೂ ಎದುರಾಡುವುದಿಲ್ಲ. ಹಳಸಿದ ಅನ್ನವನ್ನೇ ಚೆಲ್ಲದವರು, ಕೊಂಡ ವಾರವನ್ನು ಚೆಲ್ಲುತ್ತಾರೆಯೇ? ಅದಕ್ಕೇ ಟೈಮ್‌ಶೇರ್. ವರ್ಷಕ್ಕೊಂದು ವಾರ ರೆಸಾರ್ಟಿನ ರೂಮ್ ನಮ್ಮದು. ಅದೂ ರೀಸೇಲ್, ಅಂದರೆ ಒಬ್ಬರು ಕೊಂಡು ಬೇಡವಾದದ್ದು. ಹೊಸದು ತೆಗೆದುಕೊಂಡರೆ ಇಪ್ಪತ್ತೈದು ವರ್ಷಕ್ಕೆ ಸೈನ್ ಮಾಡಬೇಕು. ನನ್ನ ವಯಸ್ಸಿನವಳು ಅಷ್ಟು ಭರವಸೆಯಿಂದ ಸೈನ್ ಮಾಡಿದರೆ ಮೇಲಿರುವವನಿಗೂ ನಗು ಬರುತ್ತದೆ.

ಅಕ್ಕನ ಮಗನಿಗೆ ಹೇಳಿದ್ದೇ ತಪ್ಪಾಯಿತು. "ಚಿಕ್ಕಮ್ಮಾ, ತಗೊಳ್ಳೋದಾದ್ರೆ ಟೂ ಬೆಡ್‌ರೂಮ್ ತಗೊಳ್ಳಿ. ಎಲ್ರೂ ಬರ್ತೀವಿ, ಸಖತ್ತಾಗಿರುತ್ತೆ" ಎಂದು ತಾನೇ ಕಾರಿನಲ್ಲಿ ಜೆ.ಪಿ. ನಗರಕ್ಕೆ ಕರೆದುಕೊಂಡು ಹೋದ. ಅಲ್ಲಿ ಒಬ್ಬರು ರಿಟೈರ್ಡ್ ಅಂಕಲ್ ಊಟಿಯ ವಾರವೊಂದನ್ನು ಮಾರುತ್ತಿದ್ದರು. ಫಿಕ್ಸೆಡ್ ವೀಕ್, ಪ್ರತಿ ವರ್ಷ ಮೇ ತಿಂಗಳ ಅದೇ ವಾರ. ಫೋಟೋದಲ್ಲಿ ಎರಡು ಬೆಡ್‌ರೂಮ್, ಬಾಲ್ಕನಿ, ಪೂರ್ತಿ ಅಡುಗೆಮನೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಹಾಲಿಡೇ ಎಂದರೆ ಮೇ ಎನ್ನುವುದು ಯೂನಿಫಾರ್ಮಿನ ಪ್ಲೀಟಿನಂತೆ ನನ್ನಲ್ಲಿ ಮಡಿಕೆ ಬಿದ್ದುಹೋಗಿದೆ. ಟು ಬಿ ಫ್ರಾಂಕ್, ಹೂಂ ಎಂದೇಬಿಡುತ್ತಿದ್ದೆ. ಒಂದು ಮಾತು ಕೇಳೋಣವೆಂದು ಅವರ ಗೇಟಿನ ಹತ್ತಿರ ನಿಂತು ಅಕ್ಕನಿಗೆ ಫೋನ್ ಮಾಡಿದೆ.

"ಮೇನಲ್ಲಿ ಮದುವೆ ಇರಲ್ವೇನೇ?" ಎಂದರು ಅಕ್ಕ. ಆಮೇಲೆ, "ಅಡುಗೆಮನೆ ಇದ್ಯಾ?"

"ಮಿಕ್ಸಿ ಕೂಡ ಇದೆ ಅಕ್ಕ."

"ಹಂಗಾದ್ರೆ ಊಟಿಗ್ಯಾಕೆ ಹೋಗ್ಬೇಕು? ಎಲ್ರೂ ಬಂದ್ರೆ ಬೆಳಿಗ್ಗೆ ಎದ್ದು ದೊಡ್ಡ ಬಾಣಲೆ ಉಪ್ಪಿಟ್ಟು ಕೆದಕೋಳು ನಾನೇ. ಇಲ್ಲೇ ಕೆದಕ್ತೀನಿ ಬಿಡು."

ಒಳಗೆ ಹೋಗಿ ಅಂಕಲ್ಲಿಗೆ ಥ್ಯಾಂಕ್ಸ್ ಹೇಳಿ ಬಂದೆ. ದಾರಿಯುದ್ದಕ್ಕೂ ಅಕ್ಕನ ಮಗ ಮುಖ ಊದಿಸಿಕೊಂಡೇ ಕಾರು ಓಡಿಸಿದ. ಮಕ್ಕಳು ಮುನಿಸಿಕೊಂಡರೆ ಸರಿಹೋಗುತ್ತಾರೆ, ಮಂಡಿ ಸರಿಹೋಗುವುದಿಲ್ಲ.

ಆ ದಿನ ಮನೆಗೆ ಬಂದು ಯೋಚನೆ ಮಾಡುತ್ತಾ ಕುಳಿತೆ. ಎಲ್ಲಿಗೆ ಹೋಗಬೇಕೆಂದು ಹುಡುಕುತ್ತಿದ್ದೆನೇ ಹೊರತು, ನಾವು ಹೋಗುವುದು ಹೇಗೆ ಎಂದು ಕೇಳಿಕೊಂಡಿರಲಿಲ್ಲ. ನಮ್ಮ ಟ್ರಾವೆಲ್ ಹ್ಯಾಬಿಟ್ಸ್ ಎಂದು ದೊಡ್ಡದಾಗಿ ಹೇಳುವುದಾದರೆ ಇಷ್ಟೇ: ಕರೆದರೆ ಹೋಗುತ್ತೇವೆ, ಪಾತ್ರೆ ತೊಳೆದಾದಮೇಲೆ ಬರುತ್ತೇವೆ. ಅಕ್ಕನಿಗೆ ಮಧ್ಯಾಹ್ನದ ಮೇಲೆ ಕಾರಿನಲ್ಲಿ ಕಾಲು ಮಡಚಿ ಕೂರಲು ಆಗದು. ಒಲೆ ಕಂಡರೆ ನಮ್ಮಿಬ್ಬರ ಕಾಲೂ ಅತ್ತ ಹೋಗುತ್ತದೆ. ಲಗ್ನಪತ್ರಿಕೆ ಬಂದರೆ ಅಕ್ಕ ಒಲ್ಲೆನೆಂದವರಲ್ಲ. ಹಾಗಾದರೆ ಬೇಕಾದದ್ದು ಯಾರೂ ಕರೆಯದ ತಿಂಗಳು, ಊಟದ ಹೊತ್ತಿಗೆ ತಲುಪುವ ಊರು, ಇಬ್ಬರಿಗಿಂತ ಹೆಚ್ಚು ಜನ ಹಿಡಿಸದ ಮತ್ತು ಅಡುಗೆಮನೆಯೇ ಇಲ್ಲದ ರೂಮು. ಯಾರೂ ಕರೆಯದ ತಿಂಗಳು ಯಾವುದೆಂದು ಹುಡುಕಬೇಕಿರಲಿಲ್ಲ. ವರ್ಷವರ್ಷವೂ ನಾನು ಬೇಜಾರು ಮಾಡಿಕೊಳ್ಳುತ್ತಿದ್ದ ಆಷಾಢ.

ಬಿ.ಟಿ.ಎಂ. ಲೇಔಟಿನ ಒಬ್ಬಾಕೆ ಯೇರ್ಕಾಡಿನ ವಾರವೊಂದನ್ನು ಕೊಡುವವಳಿದ್ದಳು. ಜುಲೈ ಮೊದಲ ವಾರ, ಸಣ್ಣ ಸ್ಟುಡಿಯೋ ರೂಮ್. ಯೇರ್ಕಾಡ್ ಎಂದ ಕೂಡಲೇ ನನಗೆ ನಮ್ಮ ಕಾನ್ವೆಂಟಿನ ಸಿಸ್ಟರುಗಳು ನೆನಪಾದರು. ಬೇಸಿಗೆಯಲ್ಲಿ ಅವರೆಲ್ಲ ರಿಟ್ರೀಟಿಗೆಂದು ಅಲ್ಲಿಗೆ ಹೋಗುತ್ತಿದ್ದರು. ದಿನಗಟ್ಟಲೆ ಮೌನವಂತೆ. ಹೆಂಗಸರು ಬೆಟ್ಟದ ಮೇಲೆ ಹೋಗಿ ಸುಮ್ಮನೆ ಕೂರುವುದು, ಯಾರೂ ಬಂದು "ಕಾಫಿ ಆಯ್ತಾ" ಎಂದು ಕೇಳದಿರುವುದು ಆ ವಯಸ್ಸಿನಲ್ಲೂ ನನಗೆ ಬೆರಗಿನ ವಿಷಯವಾಗಿತ್ತು. ವಾಪಸು ಬಂದಾಗ ಅವರ ಮುಖದಲ್ಲಿ ಒಂದು ಹೊಳಪಿರುತ್ತಿತ್ತು. ಸಿಕ್ಕಿತು ಎಂದುಕೊಂಡೆ.

ಒಪ್ಪಿಕೊಂಡೂ ಬಿಟ್ಟೆ. ರಾತ್ರಿ ಮಲಗುವ ಮುಂಚೆ ಅನುಮಾನ ಬಂತು. ಬೆಳಿಗ್ಗೆ ದೇವರಮನೆಯ ಗೂಡಿನಿಂದ ಹಳೆಯ ಪಂಚಾಂಗಗಳನ್ನು ತೆಗೆದು ನೋಡುತ್ತೇನೆ, ನಮ್ಮ ಆಷಾಢಕ್ಕೆ ಜುಲೈ ಎಂದರೆ ಯಾವ ಲೆಕ್ಕವೂ ಇಲ್ಲ. ಒಂದು ವರ್ಷ ಜೂನಿನಲ್ಲೇ ಶುರು, ಅಧಿಕಮಾಸ ಬಂದ ವರ್ಷ ಜುಲೈ ಅರ್ಧ ಕಳೆದಮೇಲೆ. ಫಿಕ್ಸೆಡ್ ವೀಕ್ ಕೊಂಡರೆ ಒಂದು ವರ್ಷ ಆಷಾಢ ಸಿಗುತ್ತದೆ, ಮತ್ತೊಂದು ವರ್ಷ ಜ್ಯೇಷ್ಠದ ಕೊನೆಯ ಮುಹೂರ್ತಕ್ಕೆ ಸಿಕ್ಕಿಕೊಂಡು ಅಕ್ಕ ಛತ್ರದಲ್ಲಿ, ನಾನು ಯೇರ್ಕಾಡಿನಲ್ಲಿ. ಅರ್ಧ ತಲೆ ಇಂಗ್ಲಿಷ್ ಕ್ಯಾಲೆಂಡರಿನಲ್ಲೂ ಅರ್ಧ ತಲೆ ಪಂಚಾಂಗದಲ್ಲೂ ಇಟ್ಟು ಬದುಕುವ ನನ್ನಂಥವಳಲ್ಲದೆ ಬೇರೆ ಯಾರು ಇಂಥ ತಪ್ಪು ಮಾಡಿಯಾರು?

ಫೋನ್ ಮಾಡಿ ಬೇಡವೆಂದೆ. ಆಕೆ ನಕ್ಕಳು. "ಆಂಟಿ, ಪಂಚಾಂಗ ನೋಡಿ ರೆಸಾರ್ಟ್ ತಗೊಳ್ಳೋರನ್ನ ಇದೇ ಮೊದಲು ನೋಡ್ತಿರೋದು."

"ನಾನೂ ಇದೇ ಮೊದಲು ತಗೊಳ್ತಿರೋದಮ್ಮ" ಎಂದೆ.

ನಮಗೆ ಬೇಕಾದದ್ದು ಫ್ಲೋಟಿಂಗ್ ವೀಕ್. ಒಂದು ಸೀಸನ್ನಿನೊಳಗೆ ವರ್ಷವರ್ಷವೂ ಬೇರೆ ವಾರ ಆರಿಸಿಕೊಳ್ಳಬಹುದಾದದ್ದು. ಅಂಥದ್ದೊಂದು, ಅದೂ ಯೇರ್ಕಾಡಿನದೇ, ಮಾರುವವರು ಸಿಕ್ಕಿದ್ದು ಹುಳಿಮಾವಿನಲ್ಲಿ. ಕೆರೆಯ ಹತ್ತಿರ ನಾಲ್ಕಂತಸ್ತಿನ ಮನೆ, ಮೇಲೆಲ್ಲ ಬಾಡಿಗೆಗೆ, ಕೆಳಗೆ ಯಜಮಾನರು, ಅವರ ತಾಯಿ, ಮತ್ತು ಹಿತ್ತಲಿನಲ್ಲಿ ಎರಡು ಹಸು. ಮೊದಲು ಅಲ್ಲೆಲ್ಲ ಅವರದೇ ಹೊಲವಿತ್ತಂತೆ.

"ಮಾಲ್‌ನಲ್ಲಿ ಲಕ್ಕಿ ಡ್ರಾ ಅಂತ ಡಿನ್ನರ್‌ಗೆ ಕರೆದ್ರು ಮೇಡಂ. ಐಸ್‌ಕ್ರೀಮ್ ಬರೋಷ್ಟ್ರಲ್ಲಿ ಸೈನ್ ಮಾಡ್ಬಿಟ್ಟಿದ್ದೆ" ಎಂದರು ಯಜಮಾನರು. "ಒಂದ್ಸಲ ಹೋಗಿದ್ವಿ ಯೇರ್ಕಾಡಿಗೆ. ಏನೂ ಕೆಲಸ ಇಲ್ಲ ಮೇಡಂ ಅಲ್ಲಿ. ಸುಮ್ನೆ ಕೂತ್ಕೋಬೇಕು."

"ಅದಕ್ಕೇ ನಾನು ಬಂದಿರೋದು."

ಅವರು ನನ್ನನ್ನು ಒಮ್ಮೆ ನೋಡಿದರು. "ಮೊದಲೇ ಹೇಳ್ಬಿಡ್ತೀನಿ. ಇದು ಮಳೆಗಾಲದ ಸೀಸನ್‌ದು. ಮೇ, ದಸರಾ, ಕ್ರಿಸ್‌ಮಸ್ ಸಿಗಲ್ಲ. ರೂಮೂ ಚಿಕ್ಕದು, ಇಬ್ರಿಗೇ. ಅಡುಗೆಮನೆ ಇಲ್ಲ, ನೀರು ಕಾಯಿಸೋ ಜಗ್ ಒಂದಿರುತ್ತೆ. ಇನ್ನು ಉಳಿದಿರೋದು ಎಂಟೇ ವರ್ಷ. ಅದಕ್ಕೇ ಯಾರೂ ಕೇಳ್ತಿಲ್ಲ."

ಅವರು ಒಂದೊಂದೇ ಕೊರತೆ ಹೇಳುತ್ತಿದ್ದಂತೆ ನನಗೆ ಒಳಗೊಳಗೇ ಖುಷಿ. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ವರ್ಷವರ್ಷದ ಮೆಯಿಂಟೆನೆನ್ಸ್ ಬಾಕಿ ಇದೆಯೇ ಎಂದು ಕೇಳಿದೆ. ಕಟ್ಟಿದ ರಸೀದಿಗಳನ್ನು ತಂದು ತೋರಿಸಿದರು. ಕೈ ಬದಲಾದರೆ ಯಾವ ಸವಲತ್ತು ತಪ್ಪುತ್ತದೆ ಎಂದು ಕಂಪನಿಗೆ ನಾನೇ ಫೋನ್ ಮಾಡಿ ಕೇಳಿದೆ. ಫಾರಿನ್ ರೆಸಾರ್ಟಿಗೆ ಅದಲುಬದಲು ಮಾಡಲಾಗದಂತೆ. ನಮಗೆ ಹೊಸೂರು ದಾಟಿದರೇ ಫಾರಿನ್.

ತೊಡಕು ಬಂದದ್ದು ಆಮೇಲೆ. "ನಾಡಿದ್ದು ಅಮಾವಾಸ್ಯೆ ಮೇಡಂ, ಪೇಪರ್ ರೆಡಿ ಆಗೋಷ್ಟ್ರಲ್ಲಿ ಆಷಾಢ" ಎಂದರು ಯಜಮಾನರು. "ಆಷಾಢದಲ್ಲಿ ಕೊಡೋದು ತಗೊಳ್ಳೋದು ನಮ್ಮಲ್ಲಿಲ್ಲ. ಶ್ರಾವಣ ಬರ್ಲಿ, ಸೈನ್ ಮಾಡೋಣ."

ಆಷಾಢಕ್ಕಾಗಿಯೇ ಕೊಳ್ಳಲು ಬಂದವಳಿಗೆ ಆಷಾಢವೇ ಅಡ್ಡ. ಶ್ರಾವಣಕ್ಕೆ ಸೈನ್ ಮಾಡಿದರೆ ಈ ವರ್ಷದ ವಾರ ಹೋದಂತೆಯೇ. ಮುಂದಿನ ವರ್ಷ ಅಕ್ಕನ ಮಂಡಿ ಘಾಟ್ ರಸ್ತೆಗೆ ಒಪ್ಪುತ್ತದೆಂದು ಯಾವ ಡಾಕ್ಟರ್ ಬರೆದುಕೊಟ್ಟಿದ್ದಾರೆ? ನಾನು ಎದ್ದು ಹೋಗಲಿಲ್ಲ. ಅವರ ನಂಬಿಕೆಯನ್ನು ಅಲ್ಲಗಳೆಯಲೂ ಇಲ್ಲ. ನಮ್ಮ ಮನೆಯಲ್ಲೂ ಆ ತಿಂಗಳು ಪೊರಕೆ ಕೂಡ ಹೊಸದು ತರುವುದಿಲ್ಲ.

"ಈ ಸಲ ನಿಮ್ಮ ಗೆಸ್ಟ್ ಅಂತ ನಮ್ಮಿಬ್ಬರನ್ನ ಕಳಿಸಿ" ಎಂದೆ. "ಅದಕ್ಕೆ ರೂಲ್ಸ್‌ನಲ್ಲಿ ಅವಕಾಶ ಇದೆ, ಕೇಳಿದೀನಿ. ಫೀಸ್ ನಾನು ಕೊಡ್ತೀನಿ. ನೋಡ್ಕೊಂಡು ಬಂದು ಶ್ರಾವಣದಲ್ಲಿ ಸೈನ್ ಮಾಡ್ತೀನಿ."

"ನೋಡ್ಬಿಟ್ಟು ಬೇಡ ಅಂದ್ಬಿಟ್ರೆ?"

"ಹೆಣ್ಣು ನೋಡೋಕೆ ಬಂದೋರೆಲ್ಲ ಒಪ್ಕೊಂಡೇ ಹೋಗ್ತಾರಾ ಯಜಮಾನ್ರೆ?"

ಒಳಗಿನಿಂದ ಅವರ ತಾಯಿ ನಕ್ಕದ್ದು ಕೇಳಿಸಿತು. "ಕಳ್ಸೋ, ನೆಂಟ್ರನ್ನ ಕಳ್ಸೋಕೆ ಯಾವ ಆಷಾಢ" ಎಂದರು.

ಹಾಗೆ ಹೋದೆವು, ಬೆಳಿಗ್ಗೆ ಬೇಗ ಹೊರಟು, ದಾರಿಯಲ್ಲಿ ಮೊಸರನ್ನ ತಿಂದು. ಘಾಟಿನ ತಿರುವುಗಳಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡು ನನ್ನ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದರು.

ಮೊದಲ ದಿನ ನಾವು ಮಾತೇ ಆಡಲಿಲ್ಲ. ಇಷ್ಟು ವರ್ಷ ನಮ್ಮ ಮಾತೆಲ್ಲ ಕೈಯ ಕೆಲಸದ ನಡುವೆ ಆಡಿದ್ದು. ಕೈ ಖಾಲಿಯಾದರೆ ಬಾಯಿಯೂ ಖಾಲಿ ಎಂದು ನನಗೆ ಗೊತ್ತಿರಲಿಲ್ಲ. ಟೀ ತಂದ ವೇಟರ್ ಕೈಯಿಂದ ಟ್ರೇ ಇಸಿದುಕೊಂಡು ಅಕ್ಕ ಅವನಿಗೇ ಒಂದು ಕಪ್ ಬಗ್ಗಿಸಿ, "ನಿಂದಾಯ್ತೇನಪ್ಪ?" ಎಂದರು. ಅವನು ಕನ್ನಡ ಬಾರದೆ ಬೆಪ್ಪಾಗಿ ನಿಂತ. ಮರುದಿನ ಬೆಳಿಗ್ಗೆ ಹಾಸಿಗೆ ಮಡಚಿ, ಟವೆಲ್ ಒಗೆದು, ಕಿಟಕಿ ಒರೆಸಿ, ಮತ್ತೇನೂ ಸಿಗದೆ ನನ್ನ ಕಡೆ ತಿರುಗಿದರು. ನನಗೆ ಭಯವಾಯಿತು. ಯಜಮಾನರು ಹೇಳಿದ್ದು ನಿಜ, ಸುಮ್ಮನೆ ಕೂರುವುದು ನಮ್ಮಂಥವರಿಗಲ್ಲ, ವಾಪಸು ಹೋಗೋಣವೆನ್ನುತ್ತಾರೆ ಎಂದುಕೊಂಡೆ.

ಹೊರಗೆ ಜಡಿಮಳೆ. ವರಾಂಡದಲ್ಲಿ ಎರಡು ಬೆತ್ತದ ಕುರ್ಚಿ. ಅಕ್ಕ ಬಂದು ಕುಳಿತರು. ಮಂಜು ಬಂದು ಕೆಳಗಿನ ಕೆರೆ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ರೆಸಾರ್ಟಿನ, ಕನ್ನಡ ಬಲ್ಲ ಹುಡುಗಿಯೊಬ್ಬಳು ತಂಬೋಲಾ ಚೀಟಿ ಹಿಡಿದು, "ಆಂಟಿ, ಗೇಮ್ಸ್ ಇದೆ, ಬನ್ನಿ" ಎಂದು ಕರೆದಳು.

"ಇಲ್ಲಮ್ಮ, ನಾವು ಕೂತಿದೀವಿ" ಎಂದರು ಅಕ್ಕ, ಅದೂ ಒಂದು ಕೆಲಸವೆನ್ನುವಂತೆ.

ಅವಳು ಹೋದಮೇಲೆ ಕೇಳಿದರು, "ಮದುವೆಯಾದ ವರ್ಷ ಆಷಾಢಕ್ಕೆ ನೀನು ತವರಿಗೆ ಹೋಗಿದ್ಯಲ್ಲ, ಏನ್ಮಾಡ್ತಿದ್ದೆ?"

"ಏನೂ ಇಲ್ಲ ಅಕ್ಕ. ಮಧ್ಯಾಹ್ನ ಮಲ್ಕೊಂಡು ಕಥೆ ಪುಸ್ತಕ ಓದ್ತಿದ್ದೆ. ಅಮ್ಮ ತಲೆಗೆ ಎಣ್ಣೆ ಹಚ್ತಿದ್ರು."

"ಹೂಂ" ಎಂದರು. "ನಮ್ಮಮ್ಮ ಆಗ್ಲೇ ಇರ್ಲಿಲ್ವಲ್ಲ. ನಾನು ಹೋಗಿದ್ದು ಅಣ್ಣನ ಮನೆಗೆ. ಅತ್ತಿಗೆ ಆಗ ಬಸುರಿ. ಒಂದು ತಿಂಗಳು ಅಲ್ಲೂ ಒಲೆ ಮುಂದೇನೇ. ಆಷಾಢ ಕಳೆದು ವಾಪಸ್ ಬಂದಾಗ ಅತ್ತೆ ಕೇಳಿದ್ರು, ತವರಲ್ಲಿ ಆರಾಮಾಗಿದ್ಯಾ ಅಂತ. ಹೂಂ ಅಂದೆ. ಇನ್ನೇನನ್ನಲಿ?"

ಇಷ್ಟು ವರ್ಷ ಒಂದೇ ಒಲೆಯ ಎದುರು ನಿಂತವಳಿಗೆ ಇದು ಗೊತ್ತಿರಲಿಲ್ಲ. ಒಳಗೆ ಹೋಗಿ ಬ್ಯಾಗಿನಿಂದ ಕೊಬ್ಬರಿ ಎಣ್ಣೆ ತಂದೆ. ಅಕ್ಕ ಬೇಡವೆನ್ನಲಿಲ್ಲ. ಕುರ್ಚಿಯಲ್ಲೇ ಸ್ವಲ್ಪ ತಿರುಗಿ ಕುಳಿತು ತುರುಬು ಬಿಚ್ಚಿದರು. ಆಮೇಲೆ ನಾವು ಆಡಿದ ಮಾತುಗಳಿಗೆ ಲೆಕ್ಕವಿಲ್ಲ. ಕೆಲವನ್ನು ಇಲ್ಲಿ ಬರೆಯುವುದಿಲ್ಲ, ಅವು ನಮ್ಮವು.

ಶ್ರಾವಣದ ಮೊದಲ ಶುಕ್ರವಾರ ಇಬ್ಬರೂ ಹುಳಿಮಾವಿಗೆ ಹೋಗಿ ಸೈನ್ ಮಾಡಿದೆವು. ಅಕ್ಕ ನನ್ನ ಪಕ್ಕದಲ್ಲಿ ಕುಳಿತು, ಬರುವ ವರ್ಷ ಆಷಾಢ ಯಾವಾಗ ಬೀಳುತ್ತದೆಂದು ನೋಡಬೇಕು, ಹೊಸ ಪಂಚಾಂಗ ಇನ್ನೂ ಬಂದಿಲ್ಲವಲ್ಲ ಎಂದು ಅಸಹನೆಪಡುತ್ತಿದ್ದರು. ಯಜಮಾನರ ತಾಯಿ ಮುತ್ತೈದೆಯರೇ ಎಂದು ನೋಡದೆ ನಮಗಿಬ್ಬರಿಗೂ ತಾಂಬೂಲ, ಬ್ಲೌಸ್ ಪೀಸ್ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ಅಲ್ಲವ್ವ, ಈ ವಯಸ್ನಲ್ಲಿ, ಆ ಮಳೇಲಿ, ವರ್ಸವರ್ಸ ಎಲ್ಲಿಗೆ ಅಂತ ಹೋಯ್ತೀರಿ?"

"ಆಷಾಢ ಅಲ್ವೇ" ಎಂದರು ಅಕ್ಕ, ಬ್ಲೌಸ್ ಪೀಸನ್ನು ಮಡಚಿ ಚೀಲದೊಳಗಿಡುತ್ತಾ. "ತವರಿಗೆ."