ಖಾಲಿ ಕುರ್ಚಿಯ ಬಿ.ಪಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವವಳಲ್ಲ. ಮೂವತ್ತು ವರ್ಷ ನರ್ಸ್ ಆಗಿ ದುಡಿದವಳು. ವಾರ್ಡಿನ ಕೊನೆಯ ಮಂಚದ ಹತ್ತಿರ ಯಾರೋ ನಿಂತಿದ್ದರು ಎಂದು ಆಯಾಗಳು ಬಂದು ಹೇಳಿದಾಗಲೆಲ್ಲ, "ಸುಮ್ನೆ ನಿಂತಿದ್ರಾ? ನೆಲ ಒರೆಸೋಕೆ ಹೇಳ್ಬೇಕಿತ್ತು" ಎಂದು ಗದರಿ ಕಳಿಸಿದವಳು. ನನ್ನ ಬಾಯಿ ಜೋರು ಅಂತ ಮನೆಯಲ್ಲೂ ಹೇಳುತ್ತಾರೆ, ಇರಲಿ. ಈಗ ಬರೆಯುತ್ತಿರುವುದು ನನ್ನ ಎದುರಿಗೇ ನಡೆದದ್ದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಬೇಜಾರಾಗಿ ಒಂದು ಕೆಲಸಕ್ಕೆ ಸೇರಿಕೊಂಡೆ. ಮೈ ಮುಟ್ಟದೆ, ಬರೀ ಮುಖ ನೋಡಿ ಬಿ.ಪಿ. ಹೇಳುವ ಒಂದು ಯಂತ್ರ ಬಂದಿತ್ತು. ಅದು ಹೇಳುವುದು ಸರಿಯೋ ತಪ್ಪೋ ಎಂದು ಪರೀಕ್ಷೆ ಮಾಡುವ ಕೆಲಸ. ಯಂತ್ರವೆಂದರೆ ಕ್ಯಾಮೆರಾ ಇರುವ ಒಂದು ಟ್ಯಾಬು, ಅದಕ್ಕೊಂದು ಮೂರು ಕಾಲಿನ ಸ್ಟ್ಯಾಂಡು, ಅಷ್ಟೇ. ಎದುರಿನ ಕುರ್ಚಿಯಲ್ಲಿ ಅಲುಗಾಡದೆ ಕೂತರೆ ಪರದೆಯ ಮೇಲೆ ಮುಖದ ಸುತ್ತ ಹಸಿರು ಚೌಕ ಮೂಡುತ್ತದೆ. ರಕ್ತ ಹರಿಯುವಾಗ ಮುಖದ ಬಣ್ಣ ನಮ್ಮ ಕಣ್ಣಿಗೆ ಕಾಣದಷ್ಟು ಬದಲಾಗುತ್ತದಂತೆ, ಅದನ್ನು ಹಿಡಿದು ಲೆಕ್ಕ ಹಾಕುತ್ತದೆ. ನಿಮಿಷ ನಿಮಿಷ ಬಿಟ್ಟು ತಾನೇ ಮೂರು ಸಲ ನೋಡುತ್ತದೆ. ಮುಖ ಕಾಣದಿದ್ದರೆ ಶುರುವೇ ಆಗುವುದಿಲ್ಲ. ಯಾರ ಚಿತ್ರವನ್ನೂ ಉಳಿಸಿಕೊಳ್ಳುವುದಿಲ್ಲ, ಅಂಕಿ ಮಾತ್ರ ಉಳಿಯುತ್ತದೆ. ಆಮೇಲೆ ನಾನು ತೋಳಿಗೆ ಪಟ್ಟಿ ಕಟ್ಟಿ ಹಳೇ ಪದ್ಧತಿಯಲ್ಲಿ ಅಳೆದು, ಎರಡನ್ನೂ ಅಕ್ಕಪಕ್ಕ ಬರೆಯಬೇಕು. ಹೀಗೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳನ್ನು ಬಸ್ಸಿನಲ್ಲಿ ಸುತ್ತುತ್ತಿದ್ದೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ. ಅಲ್ಲಿ ಪುಟ್ಟರಾಜು ಅಂತ, ನಲವತ್ತೈದರ ಗಂಡಸು, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಬೆಲ್ಲ ಕಾಯಿಸುವವನು. ವಾರಕ್ಕೆರಡು ಸಲ ತಲೆ ಸಿಡಿಯುವ ನೋವು, ಕತ್ತಿನ ಹಿಂದೆ ಸೆಳೆತ. ಒಂದು ದಿನ ಕೊಪ್ಪರಿಗೆ ಪಕ್ಕದಲ್ಲೇ ಕಣ್ಣು ಕತ್ತಲೆ ಬಂದು ಕೂತುಬಿಟ್ಟಿದ್ದನಂತೆ. ಕುದಿಯುವ ಕಬ್ಬಿನ ಹಾಲಿನ ಕಡೆಗೆ ವಾಲಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೂ ಆಸಾಮಿ ಪಟ್ಟಿ ಕಟ್ಟಿಸಿಕೊಳ್ಳಲು ಸುತಾರಾಂ ಒಪ್ಪುತ್ತಿರಲಿಲ್ಲ.

"ನಮ್ಮಪ್ಪ ಆಸ್ಪತ್ರೆಗೆ ನಡ್ಕಂಡೇ ಓಗಿದ್ದ ಸಿಸ್ಟ್ರೇ. ತೋಳ್ಗೆ ಪಟ್ಟಿ ಸುತ್ತಿ ಬುಸ್ ಬುಸ್ ಅಂತ ಗಾಳಿ ಒಡುದ್ರು ನೋಡಿ, ಅಷ್ಟೇಯ. ಅಲ್ಲೇ ವಾಲ್ಕಂಡ. ಆ ಪಟ್ಟಿ ಸಾವಾಸ ನಂಗೆ ಬ್ಯಾಡ ಬುಡಿ."

ಪಟ್ಟಿ ಯಾರನ್ನೂ ಕೊಲ್ಲುವುದಿಲ್ಲ, ಅದಕ್ಕೆ ಮೊದಲೇ ನಿಮ್ಮಪ್ಪನ ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದು ಕಡ್ಡಿ ಮುರಿದಂತೆ ಹೇಳಿದೆ. ಕೇಳಿದರೆ ತಾನೇ? ಅಳತೆಯಿಲ್ಲದೆ ಮಾತ್ರೆ ಕೊಡುವ ಡಾಕ್ಟರು ಎಲ್ಲಿದ್ದಾರೆ? ಹೀಗೇ ಬಿಟ್ಟರೆ ಇವನೂ ಅಪ್ಪನ ದಾರಿ ಹಿಡಿಯುತ್ತಾನೆಂದು ನನಗೆ ಖಂಡಿತ ಗೊತ್ತಿತ್ತು. ಮುಟ್ಟದ ಯಂತ್ರ ಎಂದಾಗ ಮಾತ್ರ, "ಅದಾದ್ರೆ ಆಗ್ಲಿ, ಅಬ್ಬದ ದಿನ ಬನ್ನಿ, ಆಲೆಮನೆ ಇರಲ್ಲ" ಎಂದ.

ಹಬ್ಬ ಎಂದರೆ ಪಿತೃಪಕ್ಷ. ಆ ಕಡೆಯ ಮನೆಗಳ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತೀರಿಕೊಂಡ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಎಡೆ ಇಟ್ಟು, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹಾಕಿ, ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಒಳಗೆ ಯಾರೂ ಇರಬಾರದು. ಹಿರಿಯರು ಬಂದು ಉಂಡು ಹೋಗಲಿ ಎಂದು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಹೋದೆ. ನಡುಮನೆಯಲ್ಲಿ ಎಡೆಗೆ ಎಲ್ಲ ಸಿದ್ಧವಾಗಿತ್ತು. ಮುದ್ದೆ, ಬಾಡಿನ ಸಾರು, ಕಜ್ಜಾಯ, ಎಲೆಯಡಿಕೆ, ಒಂದು ಕಟ್ಟು ಬೀಡಿ. ಮೇಲೆ ಗೋಡೆಗೆ ಅಪ್ಪನ ಫೋಟೊ. ಎಡೆಗೆ ಅಡ್ಡವಾಗದ ಹಾಗೆ ಅದೇ ಗೋಡೆಯ ಇನ್ನೊಂದು ತುದಿಯಲ್ಲಿ ಸ್ಟ್ಯಾಂಡು ನಿಲ್ಲಿಸಿ, ಎದುರು ಗೋಡೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ. ಅಂದರೆ ಆ ಫೋಟೊ ಕ್ಯಾಮೆರಾದ ಬೆನ್ನ ಕಡೆಗಿತ್ತು, ಇದನ್ನು ನೆನಪಿಡಿ. ಪುಟ್ಟರಾಜನ ಹೆಸರು ತುಂಬಿ ಶುರು ಒತ್ತಿದೆ. ಅವನಿನ್ನೂ ಕೂತಿರಲಿಲ್ಲ, "ಮುಖ ಕಾಣುತ್ತಿಲ್ಲ" ಎಂದು ಪರದೆ ತೋರಿಸುತ್ತಿತ್ತು. ಅಷ್ಟರಲ್ಲಿ ಅವನ ತಾಯಿ ಚಿಕ್ಕತಾಯಮ್ಮ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿಕೊಂಡು ಬಂದರು.

"ಒತ್ತಾಯ್ತು, ಎಲ್ರೂ ಈಚೆಗ್ ನಡೀರಿ. ನೀನೂ ಬಾ ಕಣವ್ವ. ಅವ್ರು ಉಂಡೋದ್ಮೇಲೆ ಏನಾರ ಮಾಡ್ಕಳುವಂತೆ."

ನೆಲದಲ್ಲಿ ಜಾಗವಿಲ್ಲದೆ ಹೊಸ ಪಂಚೆ, ಟವೆಲನ್ನು ಆ ಖಾಲಿ ಕುರ್ಚಿಯ ಮೇಲಿಟ್ಟು ಬಂದು ಬಾಗಿಲು ಎಳೆದುಕೊಂಡರು. ಟ್ಯಾಬು ಆರಿಸುವುದು ನನಗೆ ಮರೆತೇ ಹೋಯಿತು. ಜಗಲಿಯ ಮೇಲೆ ಚಿಕ್ಕತಾಯಮ್ಮ, ಪುಟ್ಟರಾಜು, ಅವನ ಹೆಂಡತಿ, ನಾನು, ನಾಲ್ಕೇ ಜನ ಕೂತಿದ್ದೆವು. ಕಬ್ಬಿನ ರೇಟು, ಮಳೆ, ಏನೇನೋ ಮಾತಾಡಿದೆವು. ಒಂದು ಕಾಲು ಗಂಟೆ ಆಗಿರಬಹುದು. ಚಿಕ್ಕತಾಯಮ್ಮ ಎದ್ದು ಬಾಗಿಲ ಮುಂದೆ ಎರಡು ಸಲ ಕೆಮ್ಮಿ, ತಟ್ಟಿ, ತೆಗೆದರು.

ಎಲ್ಲ ಇಟ್ಟದ್ದು ಇಟ್ಟ ಹಾಗೇ ಇತ್ತು. ಎಡೆ ಹಾಗೇ, ಬೀಡಿ ಕಟ್ಟು ಹಾಗೇ, ಕುರ್ಚಿಯ ಮೇಲೆ ಪಂಚೆಯ ಮಡಿಕೆ ಕೂಡ ಹಾಗೇ. ನಾನು ಟ್ಯಾಬಿನ ಹತ್ತಿರ ಹೋದೆ. ಪರದೆಯ ಮೇಲೆ "ಪರೀಕ್ಷೆ ಮುಗಿದಿದೆ" ಎಂದಿತ್ತು. ಕೆಳಗೆ ಮೂರು ಸಾಲು. ಇನ್ನೂರ ಹನ್ನೆರಡು, ನೂರ ಹದಿನೆಂಟು. ಇನ್ನೂರ ಆರು, ನೂರ ಹದಿನಾಲ್ಕು. ಇನ್ನೂರ ಎರಡು, ನೂರ ಹನ್ನೆರಡು.

ಮೂರು ಸಾಲನ್ನೂ ಮತ್ತೊಮ್ಮೆ ಓದಿದೆ. ಅಂಕಿ ದೊಡ್ಡದೆಂದಲ್ಲ. ಜೀವ ಇರುವ ಮನುಷ್ಯನನ್ನು ಕೂರಿಸಿ ಅಳೆದರೆ ಸಾಮಾನ್ಯವಾಗಿ ಮೊದಲನೆಯದು ಹೆಚ್ಚು ಬರುತ್ತದೆ, ಕೂತು ಸುಧಾರಿಸಿಕೊಂಡಂತೆ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಇದೂ ಹಾಗೇ ಇಳಿದಿತ್ತು. ಅದನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ಹಿತ್ತಿಲ ಬಾಗಿಲಿಗೆ ಹೋಗಿ ನೋಡಿದೆ, ಒಳಗಿನಿಂದ ಚಿಲಕ ಹಾಕಿತ್ತು.

"ಏನಂತದೆ ಮಿಸಿನ್ನು?" ಚಿಕ್ಕತಾಯಮ್ಮ ಕೇಳಿದರು.

ಸುಮ್ಮನಿರಬೇಕಿತ್ತು, ಬಾಯಿ ತಡೆಯಲಿಲ್ಲ. "ಯಾರದೋ ಬಿ.ಪಿ. ತೋರಿಸ್ತಿದೆ. ತುಂಬಾ ಜಾಸ್ತಿ" ಎಂದೆ.

ಅವರು ಗಾಬರಿಯಾಗಲಿಲ್ಲ. ಕುರ್ಚಿಯ ಮೇಲಿನ ಪಂಚೆಯನ್ನು ಒಂದು ಸಲ ಸವರಿ, "ಅವ್ರ್ದು ಜಾಸ್ತಿನೇ ಇತ್ತು ಕಣವ್ವ" ಎಂದು ಎಲೆ ತೆಗೆಯಲು ಬಗ್ಗಿದರು.

ಪುಟ್ಟರಾಜು ಪರದೆಯನ್ನು ನೋಡಿದ, ಕುರ್ಚಿಯನ್ನು ನೋಡಿದ. ಆಮೇಲೆ ಪಂಚೆಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತ. "ನಿಜ ಏಳಿ ಸಿಸ್ಟ್ರೇ. ಇದು ಮಿಸಿನ್ನು ಕೆಟ್ಟಿರಾದಾ? ಇಲ್ಲ ನಮ್ಮಪ್ಪ ಬಂದು ಕೂತಿದ್ನಾ?"

ಯಂತ್ರ ಕೆಟ್ಟಿದೆ ಎಂದಿದ್ದರೆ ಅವನು ಎದ್ದು ಹೋಗುತ್ತಿದ್ದ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಕೊಪ್ಪರಿಗೆಯ ಪಕ್ಕ ಕೂತುಬಿಟ್ಟವನು ನನ್ನ ಕಣ್ಣ ಮುಂದೆ ಬಂದ.

"ಬಂದಿದ್ರು ಕಣಪ್ಪ" ಎಂದೆ. "ನಿನಗೆ ತೋರಿಸೋಕೇ ಬಂದಿದ್ರು. ತಗೋ, ತೋಳು ಕೊಡು."

ಅವನು ಅಂಗಿಯ ತೋಳು ಮಡಚಿ, ಕಣ್ಣು ಮುಚ್ಚಿ ಕೈ ಚಾಚಿದ. ನಾನು ಪಟ್ಟಿ ಕಟ್ಟಿದೆ. ಗಾಳಿ ಹಾಕುವಾಗ ಅವನ ಬೆರಳುಗಳು ಆ ಪಂಚೆಯನ್ನು ಹಿಡಿದುಕೊಂಡಿದ್ದವು. ನೂರ ತೊಂಬತ್ತೆಂಟು, ನೂರ ಹತ್ತು. ಬೆಳಿಗ್ಗೆಯ ಮೊದಲ ಬಸ್ಸಿಗೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇನ್ನೊಂದು ತಿಂಗಳು ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದು ಡಾಕ್ಟರು ಅವನನ್ನೂ ನನ್ನನ್ನೂ ಸೇರಿಸಿ ಬೈದರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ನಾನೂ ಬಿಡಲಿಲ್ಲ. ಯಂತ್ರ ಮಾಡಿದ ಎಂಜಿನಿಯರನ್ನು ಕೇಳಿದೆ. ಫೋಟೊ ಕಂಡಿರಬೇಕು ಎಂದ. ಫೋಟೊ ಕ್ಯಾಮೆರಾದ ಹಿಂದಿತ್ತಪ್ಪ ಎಂದೆ. ದೀಪ ಅಲುಗಿ ಸಾಂಬ್ರಾಣಿ ಹೊಗೆಯಲ್ಲಿ ಮುಖದಂತೆ ಏನಾದರೂ ಕಂಡಿರಬಹುದು ಎಂದ. ಮನೆಯಲ್ಲಿ ಕುರ್ಚಿ ಹಾಕಿ, ಪಂಚೆ ಇಟ್ಟು, ದೀಪ ಹಚ್ಚಿ, ಸಾಂಬ್ರಾಣಿ ಹಾಕಿ ನಾಲ್ಕು ಸಂಜೆ ಕಾದೆ. ಪ್ರತಿ ಸಲವೂ "ಮುಖ ಕಾಣುತ್ತಿಲ್ಲ" ಎಂದೇ ತೋರಿಸಿತು. ನಮ್ಮ ಯಜಮಾನರು ಕೆಮ್ಮಿ ಕೆಮ್ಮಿ ಸಾಕಾಗಿ, ಎಲ್ಲ ಎತ್ತಿಡು ಅಂದರು.

ಈಗ ಪ್ರತಿ ಪಿತೃಪಕ್ಷಕ್ಕೂ ಪುಟ್ಟರಾಜು ಫೋನ್ ಮಾಡಿ ಕರೆಯುತ್ತಾನೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಅಪ್ಪ ಅಷ್ಟು ದೂರದಿಂದ ಬಂದು ಹೇಳಿದ್ದಾನೆ, ತಪ್ಪಿಸೋಕಾಯ್ತದಾ ಅಂತಾನೆ. ಈ ಸಲ ಅವನ ತೋಳಿಗೆ ಪಟ್ಟಿ ಕಟ್ಟಿದಾಗ ನೂರ ಮೂವತ್ತರ ಆಸುಪಾಸಿತ್ತು. ಅವತ್ತು ನಾನು ಹೇಳಿದ್ದು ನಿನ್ನನ್ನು ಒಪ್ಪಿಸಲು ಹೇಳಿದ ಸುಳ್ಳು ಕಣಪ್ಪ ಎಂದು ಹೇಳಿ ಮನಸ್ಸು ಹಗುರ ಮಾಡಿಕೊಳ್ಳೋಣವೆಂದು ಬಾಯಿ ತೆರೆದೆ. ಹೇಳದೆ ಪಟ್ಟಿ ಬಿಚ್ಚಿ ಮಡಚಿಟ್ಟೆ. ಒಪ್ಪಿಕೊಳ್ಳಬೇಕಾದರೆ ಅದು ಸುಳ್ಳೆಂದು ಮೊದಲು ನನಗೆ ಖಾತರಿಯಾಗಬೇಕಲ್ಲ. ಇವತ್ತಿಗೂ ಆಗಿಲ್ಲ.